ಆದಾಯದ ಅಂತರ ಜಾಸ್ತಿ ಇರುವ ದೇಶದಲ್ಲಿ ಉಳ್ಳವರ ಆರೋಗ್ಯವೂ ಕೆಡುತ್ತದೆಯೇ?

ಬಡವರ ಆರೋಗ್ಯ ಕೆಡುವುದು ಅರ್ಥವಾಗುತ್ತದೆ, ಆದರೆ ಅಂತರ ಹೆಚ್ಚಿರುವ ಕಡೆ ಉಳ್ಳವರ ಆಯಸ್ಸೂ ಕಮ್ಮಿಯಾಗುತ್ತದೆ ಅಂತಾರಲ್ಲ, ಅದು ನಿಜವಾ ಅಂತ ಕೇಳಿದ್ದೀರಿ. ಮೊದಲನೆಯ ಮಾತು ಗಟ್ಟಿ. ಎರಡನೆಯದರ ಬಗ್ಗೆ ಮೂವತ್ತು ವರ್ಷದಿಂದ ಜಗಳ ನಡೆಯುತ್ತಲೇ ಇದೆ. ನಾನು ಅಂಕಿಅಂಶದ ಪಾಠ ಹೇಳುವವನು, ವೈದ್ಯನಲ್ಲ. ಹಾಗಾಗಿ ಲೆಕ್ಕದ ಕಡೆಯಿಂದಲೇ ಉತ್ತರಿಸುತ್ತೇನೆ.

ಮೊದಲನೆಯದರಲ್ಲೂ ಒಂದು ತಿರುವಿದೆ. ಕಷ್ಟ ಕಡುಬಡವರಿಗಷ್ಟೇ ಅಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ನೋಡಿ. ಅವರಲ್ಲಿ ಯಾರೂ ನಿರುದ್ಯೋಗಿಯಲ್ಲ, ಯಾರೂ ಹೊಟ್ಟೆಗಿಲ್ಲದವರಲ್ಲ, ಆಸ್ಪತ್ರೆ ಎಲ್ಲರಿಗೂ ಉಚಿತ. ಆದರೂ ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ತೀರಾ ಕೆಳಗಿನ ದರ್ಜೆಯಲ್ಲಿ ಮೇಲಿನ ದರ್ಜೆಗಿಂತ ಸುಮಾರು ಮೂರು ಪಟ್ಟು ಇತ್ತು. ಮಧ್ಯದವರು ಮಧ್ಯದಲ್ಲೇ ಇದ್ದರು. ಸಾಹೇಬರಿಗಿಂತ ಒಂದೇ ಮೆಟ್ಟಿಲು ಕೆಳಗಿದ್ದವರಿಗೂ ಸಾಹೇಬರಷ್ಟು ಆಯಸ್ಸಿರಲಿಲ್ಲ! ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಆಮೇಲೆ 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಸುತ್ತು ಶುರುವಾಯಿತು. ತಮ್ಮ ಕೆಲಸ ಹೇಗೆ ನಡೆಯಬೇಕು ಅನ್ನುವುದರಲ್ಲಿ ತಮ್ಮ ಮಾತು ನಡೆಯದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಅದರಲ್ಲಿ ಕಂಡಿತು.

ಈಗ ದೇಶಗಳ ಮಾತು. ಬ್ರಿಟನ್ನಿನ ಸಂಶೋಧಕ ರಿಚರ್ಡ್ ವಿಲ್ಕಿನ್ಸನ್ 1992ರಲ್ಲಿ ಶ್ರೀಮಂತ ದೇಶಗಳನ್ನು ಹೋಲಿಸಿ, ಆದಾಯ ಸಮನಾಗಿ ಹಂಚಿರುವ ಕಡೆ ಸರಾಸರಿ ಆಯಸ್ಸು ಹೆಚ್ಚು ಅಂತ ತೋರಿಸಿದರು. ಓದಿದ ತಕ್ಷಣ ಎಲ್ಲರಿಗೂ ಹೊಳೆಯುವುದು ಹೊಟ್ಟೆಕಿಚ್ಚು, ಅವಮಾನ, ಒತ್ತಡ. ಆದರೆ ಸ್ವಲ್ಪ ತಡೆಯಿರಿ, ಬರೀ ಗಣಿತವೂ ಇದೇ ಚಿತ್ರ ಕೊಡಬಲ್ಲದು. ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳೋಣ, ಅಂಕಿಗಳು ನನ್ನ ಕಲ್ಪನೆ. ಆದಾಯ 10 ಇದ್ದವರು 60 ವರ್ಷ ಬದುಕುತ್ತಾರೆ, 20 ಇದ್ದವರು 70, 30 ಇದ್ದವರು 75. ದುಡ್ಡು ಏರಿದಂತೆ ಆಯಸ್ಸಿನ ಲಾಭ ಇಳಿಯುತ್ತಾ ಹೋಗುತ್ತದೆ, ಇದು ವಾಸ್ತವದಲ್ಲೂ ಹೀಗೇ. ಒಂದು ಊರಲ್ಲಿ ಎಲ್ಲರಿಗೂ 20. ಸರಾಸರಿ ಆಯಸ್ಸು 70. ಇನ್ನೊಂದರಲ್ಲಿ ಅರ್ಧ ಜನಕ್ಕೆ 10, ಅರ್ಧ ಜನಕ್ಕೆ 30. ಸರಾಸರಿ ಆದಾಯ ಅದೇ 20, ಆಯಸ್ಸು ಮಾತ್ರ 67.5. ಯಾರೂ ಯಾರನ್ನೂ ನೋಡಿ ಕರುಬಿಲ್ಲ. ಉಳ್ಳವರ ಕೂದಲೂ ಕೊಂಕಿಲ್ಲ. ಆದರೂ ಅಂತರ ಹೆಚ್ಚಿರುವ ಊರಿನ ಸರಾಸರಿ ಕುಸಿಯಿತು, ಅಲ್ವಾ?

ಹಾಗಂತ ಇದು ಬರೀ ಲೆಕ್ಕದ ಆಟ ಅಂತ ತಳ್ಳಿಹಾಕಬೇಡಿ. ಎರಡನೇ ಊರಲ್ಲಿ ಬಡವರು ನಿಜವಾಗಿಯೂ ಬೇಗ ಸಾಯುತ್ತಿದ್ದಾರೆ. ನಿಮ್ಮ ಪ್ರಶ್ನೆಗೆ ಮಾತ್ರ ಈ ಸರಾಸರಿ ಉತ್ತರ ಕೊಡುವುದಿಲ್ಲ, ಅಷ್ಟೇ.

ಅಪವಾದಗಳೂ ಇವೆ. ಡೆನ್ಮಾರ್ಕ್ ಬಹಳ ಸಮಾನತೆಯ ದೇಶ. ಆದರೂ 1980ರ ದಶಕದಲ್ಲಿ ಅಲ್ಲಿನ ಹೆಂಗಸರ ಆಯಸ್ಸು ಏರದೆ ನಿಂತುಬಿಟ್ಟಿತ್ತು, ಮುಖ್ಯವಾಗಿ ಧೂಮಪಾನದಿಂದ. ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದಲ್ಲಿ ಅಂತರ ವಿಪರೀತ, ಆದಾಯವೂ ಅಮೆರಿಕಕ್ಕಿಂತ ಎಷ್ಟೋ ಕಡಿಮೆ. ಆಯಸ್ಸು ಮಾತ್ರ 80ರ ಆಸುಪಾಸು, ಅಮೆರಿಕಕ್ಕೆ ಏನೂ ಕಮ್ಮಿಯಿಲ್ಲ. 1948ರಲ್ಲೇ ಸೈನ್ಯವನ್ನು ಕೈಬಿಟ್ಟ ದೇಶ ಅದು. 1990ರ ದಶಕದಿಂದ ಅಲ್ಲಿ ಪ್ರತಿ ಪ್ರದೇಶಕ್ಕೂ ಒಂದೊಂದು ಆರೋಗ್ಯ ತಂಡ ಇದೆ, ತಂಡದವರು ಮನೆಮನೆಗೂ ಹೋಗುತ್ತಾರೆ. ಇದನ್ನೆಲ್ಲ ನೋಡಿದರೆ ನನಗನಿಸುವುದು, ಅಂತರಕ್ಕಿಂತ ಹೆಚ್ಚು ಮುಖ್ಯವಾದದ್ದು ಎಲ್ಲರಿಗೂ ಸೇರಿದ ದುಡ್ಡು ಎಲ್ಲಿ ಖರ್ಚಾಗುತ್ತದೆ ಅನ್ನುವುದು. ಆದರೆ ಅಂತರ ಬೆಳೆದಷ್ಟೂ ಉಳ್ಳವರು ತಮ್ಮದೇ ಆಸ್ಪತ್ರೆ, ತಮ್ಮದೇ ಶಾಲೆ ಅಂತ ಬೇರೆಯಾಗುತ್ತಾರೆ, ಸರ್ಕಾರಿ ಆಸ್ಪತ್ರೆ ಹೇಗಿದ್ದರೆ ನಮಗೇನು ಅನ್ನುವ ಧೋರಣೆ ಬರುತ್ತದೆ. ಅಂತರದ ಕೆಡುಕು ಹೆಚ್ಚಾಗಿ ಈ ದಾರಿಯಲ್ಲಿ ಬರುತ್ತದೆ ಅನ್ನುವುದು ನನ್ನ ಅಂದಾಜು.

ಉಳ್ಳವರಿಗೂ ಪೆಟ್ಟು ಬೀಳುತ್ತದೆ ಅನ್ನುವವರು ಸಾಮಾನ್ಯವಾಗಿ 2006ರ ಒಂದು ಹೋಲಿಕೆ ಮುಂದಿಡುತ್ತಾರೆ. 55ರಿಂದ 64 ವಯಸ್ಸಿನ ಅಮೆರಿಕನ್ನರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ ಎಲ್ಲವೂ ಅದೇ ವಯಸ್ಸಿನ ಇಂಗ್ಲಿಷರಿಗಿಂತ ಜಾಸ್ತಿ ಇತ್ತು, ಮೇಲ್ವರ್ಗದಲ್ಲೂ. ಸ್ವಾರಸ್ಯದ ವಿಷಯವೇ. ಆದರೆ ಎರಡೇ ದೇಶ ಇಟ್ಟುಕೊಂಡು ಕಾರಣ ಇದೇ ಅಂತ ಹೇಳಲಾಗದು. ಊಟ, ತೂಕ, ನಡಿಗೆ ಎಲ್ಲವೂ ಬೇರೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಲೆಕ್ಕ. ಅಮೆರಿಕದಲ್ಲಿ ಅತಿ ಶ್ರೀಮಂತ ಶೇ. 1ರಷ್ಟು ಗಂಡಸರು ಅತಿ ಬಡ ಶೇ. 1ರಷ್ಟು ಗಂಡಸರಿಗಿಂತ 14.6 ವರ್ಷ ಜಾಸ್ತಿ ಬದುಕುತ್ತಾರೆ. ಬಡವರ ಆಯಸ್ಸು ಊರಿಂದ ಊರಿಗೆ ತುಂಬಾ ಬದಲಾಗುತ್ತದೆ, ಸರ್ಕಾರ ಜಾಸ್ತಿ ಖರ್ಚು ಮಾಡುವ ಊರುಗಳಲ್ಲಿ ಹೆಚ್ಚಿದೆ. ಶ್ರೀಮಂತರ ಆಯಸ್ಸು ಯಾವ ಊರಲ್ಲಿದ್ದರೂ ಅಷ್ಟೇನೂ ಬದಲಾಗುವುದಿಲ್ಲ.