ಎಲ್ಕ್ ಬೇಟೆಯ ನಡುವೆ ತೋಳಕ್ಕೆ ಓಗೊಡಬೇಡಿ

ಅಮೆರಿಕದ ಮೊಂಟಾನಾದ ಗ್ಯಾಲಟಿನ್ ಬೆಟ್ಟಗಳಲ್ಲಿ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋದಾಗ ನಡೆದದ್ದನ್ನು ಬರೆದು, ಕೊನೆಯಲ್ಲಿ ಯಾವ ಕಂಪನಿಯ ಕಾಲ್, ಅಂದರೆ ಪ್ರಾಣಿಯ ದನಿ ಹೊರಡಿಸುವ ಪೀಪಿ, ಕೊಳ್ಳಬೇಕು ಎಂದು ಕೇಳಿದ್ದೀರಿ. ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಏಣಿನ ಮೇಲೆ ನಿಂತು ಕೆಳಗಿನ ಹುಲ್ಲುಗಾವಲಿನತ್ತ ಬ್ಯೂಗಲ್, ಅಂದರೆ ಗಂಡು ಎಲ್ಕಿನ ಕೂಗು, ಹಾಕಿದಿರಿ. ಗಂಡು ಎರಡು ಸಲ ಉತ್ತರ ಕೊಟ್ಟಿತು. ಅಷ್ಟರಲ್ಲಿ ಎದುರಿನ ಇಳಿಜಾರಿನಲ್ಲಿ ತೋಳ ಊಳಿಟ್ಟಿತು. ತೋಳದ ಲೈಸೆನ್ಸೂ ಜೇಬಿನಲ್ಲಿದೆಯಲ್ಲ ಎಂದು ನೀವು ಮತ್ತು ನಿಮ್ಮ ಭಾವ ಇಬ್ಬರೂ ದನಿಗೂಡಿಸಿ ಗುಂಪಿನ ಹಾಗೆ ಊಳಿಟ್ಟಿರಿ. ಆಮೇಲೆ ಎಲ್ಕ್ ಇಲ್ಲ, ತೋಳವೂ ಇಲ್ಲ. ಇದರಲ್ಲಿ ಕಾಲ್‌ನ ತಪ್ಪು ಏನೂ ಇಲ್ಲ. ಗಂಡು ಎರಡು ಸಲ ಓಗೊಟ್ಟಿದೆ ಎಂದರೆ ನಿಮ್ಮ ದನಿಯನ್ನು ಅದು ನಂಬಿದೆ. ಇನ್ನೂರು ಡಾಲರ್ ಉಳಿಸಿಕೊಳ್ಳಿ.

ಕೆಟ್ಟದ್ದು ಗಾಳಿ. ಆ ಹೊತ್ತಿನಲ್ಲಿ ತಂಪು ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ನೀವು ಮೇಲೆ, ಎಲ್ಕ್ ಕೆಳಗೆ. ನಿಮ್ಮ ಬೆವರು, ಕಾಫಿ, ಬೂಟಿನ ಎಣ್ಣೆ ಎಲ್ಲವೂ ನೇರ ಅದರ ಮೂಗಿಗೆ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಎಲ್ಕ್ ಒಂದೊಂದು ಸಲ ಕ್ಷಮಿಸುತ್ತದೆ, ಮೂಗಿಗೆ ಬಿದ್ದದ್ದನ್ನು ಎಂದೂ ಕ್ಷಮಿಸುವುದಿಲ್ಲ. ಬಿಸಿಲು ಇಳಿಜಾರಿಗೆ ಬಿದ್ದು ನೆಲ ಕಾಯುವವರೆಗೆ ಅದರ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರಬೇಕು. ಗಾಳಿ ಮೇಲಕ್ಕೆ ತಿರುಗಿದ ಮೇಲೆ, ಅದು ಮಲಗಲು ಕಾಡಿಗೆ ಹತ್ತಿದ ನಂತರ, ಪಕ್ಕದ ಏಣಿನಿಂದ ಸುತ್ತಿ ಅದರ ಮೇಲಕ್ಕೆ ಹೋಗಬೇಕು. ನಡುವೆ ಒಂದು ಗಂಟೆಯಷ್ಟು ಹೊತ್ತು ಗಾಳಿ ಅತ್ತಿತ್ತ ಸುಳಿಯುತ್ತದೆ. ಆಗ ಏನನ್ನೂ ಮಾಡಬಾರದು. ಕುಳಿತು ರೊಟ್ಟಿ ತಿನ್ನಿ. ಹಳ್ಳದ ತಳಕ್ಕೆ ಇಳಿದು ಕೂಗುವುದಂತೂ ಯಾವ ಹೊತ್ತಿನಲ್ಲೂ ಬೇಡ, ಅಲ್ಲಿ ಗಾಳಿ ನೆಟ್ಟಗೆ ನಿಲ್ಲುವುದೇ ಇಲ್ಲ.

ಪುಡಿ ಊದುವ ಬಾಟಲಿ ಇಟ್ಟುಕೊಂಡಿದ್ದೇನೆ ಎಂದಿರಿ. ಆ ಪುಡಿ ಕೈಯಳತೆಯಲ್ಲೇ ಕರಗಿ ಹೋಗುತ್ತದೆ, ನಿಮ್ಮ ಮುಂದಿನ ಹತ್ತು ಅಡಿಯ ಗಾಳಿಯನ್ನಷ್ಟೇ ತೋರಿಸುತ್ತದೆ. ನಾನು ಮಿಲ್ಕ್‌ವೀಡ್ ಕಾಯಿಯ ಎಳೆಗೆ ಅಂಟಿಕೊಂಡವನು. ನಮ್ಮ ಎಕ್ಕದ ಕಾಯಿ ಒಡೆದಾಗ ಹಾರುವ ರೇಷ್ಮೆಯಂಥ ಹತ್ತಿ ಇದೆಯಲ್ಲ, ಇಲ್ಲಿನ ಮಿಲ್ಕ್‌ವೀಡ್ ಅದೇ ಕುಟುಂಬದ ಗಿಡ. ಸೆಪ್ಟೆಂಬರ್ ಹೊತ್ತಿಗೆ ಒಣಗಿದ ಕಾಯಿಗಳನ್ನು ಕಿತ್ತು ಹಳೆಯ ಮಾತ್ರೆ ಡಬ್ಬಿಯಲ್ಲಿ ತುಂಬಿಡಿ. ಬೀಜದಿಂದ ಎಳೆಯನ್ನು ಬಿಡಿಸಿ ಒಂದೊಂದೇ ಎಳೆ ಬಿಡಬೇಕು. ಕುಂಚದಂತೆ ಅರಳಿ ನಿಧಾನವಾಗಿ ತೇಲುತ್ತದೆ. ದುರ್ಬೀನು ಹಿಡಿದರೆ ಐವತ್ತು ಅರವತ್ತು ಗಜದವರೆಗೂ ಕಾಣುತ್ತದೆ. ಮೊದಲು ಮುಂದಕ್ಕೆ ಹೋದದ್ದು ಒಂದು ಫರ್ ಮರದ ನೆರಳು ತಲುಪಿದ ಕೂಡಲೇ ಕೆಳಕ್ಕೆ ಜಾರಿ, ಎಡಕ್ಕೆ ತಿರುಗಿ, ನೀವು ಎಲ್ಕ್ ಇದೆ ಎಂದುಕೊಂಡ ಪೊದೆಯತ್ತಲೇ ಹೋಗುವುದನ್ನು ಕಣ್ಣಾರೆ ನೋಡಬಹುದು. ಬಿಸಿಲಿನ ಜಾಗಕ್ಕೂ ನೆರಳಿನ ಜಾಗಕ್ಕೂ ಗಾಳಿ ಬೇರೆ ಎಂಬುದು ಆ ಎಳೆಯನ್ನು ನೋಡಿದ ಮೇಲೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆಯಲ್ಲಿ ಮಾತ್ರ ಇದು ನಡೆಯುವುದಿಲ್ಲ, ಒದ್ದೆಯಾದರೆ ಮುದ್ದೆಯಾಗುತ್ತದೆ. ಪುಡಿ ಬಾಟಲಿಯೂ ಜೊತೆಗಿರಲಿ, ವಾಸನೆ ಇಲ್ಲದ್ದು.

ಇನ್ನು ಇಬ್ಬರಿದ್ದೂ ಅಕ್ಕಪಕ್ಕ ನಿಂತಿದ್ದಿರಿ ಎಂದು ಓದಿ ಬೇಸರವಾಯಿತು. ಇಬ್ಬರಿದ್ದರೆ ಕೂಗುವವನು ಹಿಂದೆ, ಬಿಲ್ಲು ಹಿಡಿದವನು ಐವತ್ತು ಅರವತ್ತು ಗಜ ಮುಂದೆ. ಗಂಡು ದನಿ ಬಂದ ಜಾಗ ಕಾಣುವಷ್ಟು ದೂರಕ್ಕೆ ಬಂದು ನಿಂತುಬಿಡುತ್ತದೆ, ಹೆಣ್ಣು ಕಾಣದಿದ್ದರೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಅದು ನಿಲ್ಲುವ ಆ ಜಾಗದಲ್ಲಿ ಬಿಲ್ಲಿನವನು ಇರಬೇಕು. ನೇರ ಗೆರೆಯ ಮೇಲೂ ಅಲ್ಲ, ಗಾಳಿ ಹೋಗುವ ಬದಿಗೆ ಸ್ವಲ್ಪ ಸರಿದು. ಅದು ವಾಸನೆ ಹಿಡಿಯಲು ಸುತ್ತಿ ಬರುವುದು ಆ ಬದಿಯಿಂದಲೇ. ಮರದ ಹಿಂದೆ ಅಡಗಬೇಡಿ, ಮರದ ಮುಂದೆ ಮಂಡಿಯೂರಿ. ಹಿಂದೆ ಅಡಗಿದರೆ ಬಿಲ್ಲು ಎಳೆದ ಮೇಲೆ ಬಗ್ಗಿ ನೋಡಬೇಕಾಗುತ್ತದೆ, ಅಲ್ಲಿಗೆ ಮುಗಿಯಿತು. ಕೂಗುವವನು ಕೂಗುತ್ತಾ ಹಿಂದಕ್ಕೆ ನಡೆಯಲಿ, ಎಲ್ಕ್ ಇರುವ ಕಡೆಗೆ ಬೆನ್ನು ಹಾಕಿ ಕೂಗಲಿ, ಹೆಣ್ಣು ದೂರವಾಗುತ್ತಿದೆ ಎಂದು ಗಂಡಿಗೆ ಅನ್ನಿಸಬೇಕು. ಒಣ ಕೊಂಬೆ ಹಿಡಿದು ಸತ್ತ ಪೈನ್ ಮರವನ್ನು ಉಜ್ಜಲಿ, ಕಲ್ಲು ಉರುಳಿಸಲಿ, ಕಡ್ಡಿ ಮುರಿಯಲಿ. ಬೂಟು ಎತ್ತಿಟ್ಟು ಕಳ್ಳನ ಹಾಗೆ ನಡೆಯುವವರು ಹೆಣ್ಣು ಎಲ್ಕಿನ ದನಿ ಹೊರಡಿಸಿದರೆ ಯಾವ ಗಂಡು ನಂಬುತ್ತದೆ? ಅದು ನಿಜವಾಗಿ ಬರತೊಡಗಿದರೆ ಬಾಯಿ ಮುಚ್ಚಿ. ಇದೊಂದನ್ನು ಎಷ್ಟು ಹೇಳಿದರೂ ಹೊಸಬರು ಕೇಳುವುದಿಲ್ಲ.

ತೋಳಗಳಿರುವ ಕಣಿವೆಯಲ್ಲಿ ಬ್ಯೂಗಲ್ ಕಡಿಮೆ, ಹೆಣ್ಣಿನ ಮೆಲುದನಿ ಹೆಚ್ಚು. ಅಲ್ಲಿನ ಗಂಡುಗಳು ಬೆದೆಯ ಉತ್ಕಟ ದಿನಗಳಲ್ಲೂ ಒಂದು ಸಲ ಕೂಗಿ ಸುಮ್ಮನಾಗುತ್ತವೆ, ಸದ್ದಿಲ್ಲದೆ ಬರುತ್ತವೆ. ಉತ್ತರ ಬರಲಿಲ್ಲವೆಂದು ಹತ್ತು ನಿಮಿಷಕ್ಕೇ ಎದ್ದು ಹೋಗಬೇಡಿ. ನಲವತ್ತು ನಿಮಿಷ ಕೂರಿ.

ಈಗ ತೋಳದ ವಿಷಯ. ಇದಕ್ಕಾಗಿಯೇ ಇಷ್ಟು ಬರೆಯಲು ಕುಳಿತದ್ದು. ಕೆಲವು ವರ್ಷಗಳ ಹಿಂದೆ ಗ್ರೇವೆಲಿ ಬೆಟ್ಟಗಳಲ್ಲಿ, ನವೆಂಬರ್ ಕೊನೆಯ ಹಿಮದಲ್ಲಿ, ನಮ್ಮ ತಂಡವೂ ನೀವು ಮಾಡಿದ್ದನ್ನೇ ಮಾಡಿತು. ಸಂಜೆ ಒಂದು ಗುಂಪು ಊಳಿಟ್ಟಿತು, ನಾವು ಮೂವರೂ ಸೇರಿ ತಿರುಗಿ ಊಳಿಟ್ಟೆವು. ಅವು ಉತ್ತರ ಕೊಟ್ಟವು, ನಾವು ಮತ್ತೆ ಕೊಟ್ಟೆವು, ಕತ್ತಲಾಗುವವರೆಗೆ ಇದೇ ನಡೆಯಿತು. ಬರುತ್ತವೆ, ಬರುತ್ತವೆ ಎಂದು ಎಲ್ಲರೂ ಮುಂದಿನ ಬಯಲನ್ನೇ ನೋಡುತ್ತಿದ್ದೆವು. ಮರುದಿನ ಬೆಳಗ್ಗೆ ಹೆಜ್ಜೆ ಹುಡುಕಿದಾಗ ಸಿಕ್ಕಿದ್ದು ನಮ್ಮ ಬೆನ್ನ ಹಿಂದೆ. ನನ್ನ ಅಂಗೈ ಮುಚ್ಚುವಷ್ಟು ಅಗಲದ ಹೆಜ್ಜೆ, ಒಂದೇ ಸಾಲು. ಮೇಲುನೋಟಕ್ಕೆ ಒಂದೇ ತೋಳ. ಬಿದ್ದ ಮರವೊಂದರ ಬಳಿ ಸಾಲು ಒಡೆದು ನಾಲ್ಕಾಯಿತು. ಅಲ್ಲಿಯವರೆಗೆ ಹಿಂದಿನವು ಮುಂದಿನದರ ಹೆಜ್ಜೆಯಲ್ಲೇ ಕಾಲಿಟ್ಟು ಬಂದಿದ್ದವು. ಅದರಲ್ಲಿ ಒಂದು ನಾವು ಕುಳಿತಿದ್ದ ಬಂಡೆಯಿಂದ ಎಂಬತ್ತು ಹೆಜ್ಜೆ ದೂರದಲ್ಲಿ, ಗಾಳಿ ನಮ್ಮಿಂದ ಹೋಗುವ ಬದಿಯಲ್ಲಿ, ಮಲಗಿತ್ತು. ಮೈಶಾಖಕ್ಕೆ ಹಿಮ ಕರಗಿ ಉದ್ದನೆಯ ಗುಳಿ ಬಿದ್ದು, ರಾತ್ರಿ ಮತ್ತೆ ಗಟ್ಟಿಯಾಗಿತ್ತು. ಅದರೊಳಗೆ ಎರಡು ಮೂರು ಬೂದು ಕೂದಲು ಅಂಟಿಕೊಂಡಿದ್ದವು. ಮಲಗಿ ನಮ್ಮನ್ನು ನೋಡಿ, ವಾಸನೆ ತೆಗೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿತ್ತು. ಆ ಕಣಿವೆಯ ಎಲ್ಕ್ ಹಿಂಡೂ ವಾರವಿಡೀ ಕಾಣಲಿಲ್ಲ.

ಗುಂಪಾಗಿ ಊಳಿಟ್ಟರೆ ನೀವು ಪರಕೀಯ ಗುಂಪು ಎಂದಾಯಿತು. ಸಣ್ಣ ಗುಂಪಾದರೆ ಸದ್ದಿಲ್ಲದೆ ಜಾಗ ಬಿಡುತ್ತದೆ, ದೊಡ್ಡದಾದರೆ ನಿಂತಲ್ಲೇ ನಿಂತು ಇದು ನಮ್ಮ ಜಾಗ ಎಂದು ಸಾರುತ್ತದೆ. 1979ರಲ್ಲಿ ತೋಳ ಸಂಶೋಧಕರಾದ ಹ್ಯಾರಿಂಗ್ಟನ್ ಮತ್ತು ಮೀಚ್ ಪ್ರಕಟಿಸಿದ ಮಿನೆಸೋಟಾದ ಅಧ್ಯಯನವೂ ಇದನ್ನೇ ಹೇಳುತ್ತದೆ: ಆಗಷ್ಟೇ ಕೊಂದ ಪ್ರಾಣಿಯ ಬಳಿ ಇರುವ ತೋಳಗಳು ಉತ್ತರ ಕೊಡುವುದು ಹೆಚ್ಚು, ಜಾಗ ಬಿಟ್ಟು ಕದಲುವುದು ಕಡಿಮೆ. ಹಾಗಾಗಿ ಉತ್ತರ ಬಂದರೆ ತೋಳ ಬರುತ್ತಿದೆ ಎಂದುಕೊಳ್ಳಬೇಡಿ, ಅದು ಎಲ್ಲಿದೆ ಎಂದು ಗೊತ್ತಾಯಿತು, ಅಷ್ಟೇ. ತೋಳದ ಬೇಟೆಗೇ ಹೊರಟಿದ್ದರೆ ನಸುಕಿಗೆ ಎತ್ತರದಿಂದ ಒಂದೇ ದನಿ, ಒಂದೇ ಸಲ. ತಗ್ಗಿನಲ್ಲಿ ಎತ್ತಿಕೊಂಡು, ಏರಿಸಿ, ಹಿಡಿದು, ಮೆಲ್ಲಗೆ ಇಳಿಸಿ. ಕಾಲು ಗಂಟೆ ಕಿವಿಗೊಟ್ಟು ದಿಕ್ಕು ಗುರುತಿಸಿ, ಮತ್ತೆ ದನಿಯೆತ್ತದೆ ಒಂದು ಕಿಲೋಮೀಟರಿನೊಳಗೆ ಸೇರಿಕೊಳ್ಳಿ. ಅಲ್ಲಿ ಗಾಯಗೊಂಡ ಮರಿಯ ದನಿಯೋ ಒಂಟಿ ತೋಳದ ಸಣ್ಣ ದನಿಯೋ ಸಾಕು. ಒಬ್ಬನು ಮುಂದೆ ನೋಡಲಿ, ಇನ್ನೊಬ್ಬನು ಗಾಳಿ ಹೋಗುವ ಬದಿಯನ್ನೇ ನೋಡುತ್ತಿರಲಿ. ಒಂದು ಗಂಟೆಗೆ ಮೊದಲು ಏಳಬೇಡಿ. ಒಂಟಿ ದನಿಗೆ ಫೆಬ್ರವರಿಯೇ ಒಳ್ಳೆಯ ಕಾಲ, ಅವು ಕೂಡುವ ತಿಂಗಳು ಅದು. ಮೊಂಟಾನಾದಲ್ಲಿ ತೋಳದ ಸೀಸನ್ ಮಾರ್ಚ್ ಮಧ್ಯದವರೆಗೂ ಇರುವಾಗ ಸೆಪ್ಟೆಂಬರ್‌ನ ಎಲ್ಕನ್ನು ಓಡಿಸಿಕೊಂಡು ತೋಳದ ಹಿಂದೆ ಬೀಳುವ ಆತುರ ಏಕೆ? ಒಂದು ಬೆಳಗ್ಗೆ ಒಂದೇ ಪ್ರಾಣಿ.

ರೆಕಾರ್ಡ್ ಮಾಡಿದ ಪ್ರಾಣಿಯ ದನಿ ಹೊರಡಿಸುವ ಬ್ಯಾಟರಿ ಸ್ಪೀಕರಿನ ಬಗ್ಗೆ ಕೆಳಗೆ ಒಬ್ಬರು ಬರೆದಿದ್ದಾರೆ. ಫಾಕ್ಸ್‌ಪ್ರೋ ಒಳ್ಳೆಯ ಯಂತ್ರ, ಚಳಿಗೆ ತಡೆಯುತ್ತದೆ, ಒಪ್ಪುತ್ತೇನೆ. ಮೊಂಟಾನಾದಲ್ಲಿ ತೋಳಕ್ಕೆ ಅದನ್ನು ಬಳಸಲು ಅನುಮತಿ ಇದೆ, ಎಲ್ಕಿಗೆ ಇಲ್ಲ. ಎಲ್ಕ್ ಬೇಟೆಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಡಿ, ವಾರ್ಡನ್ ಮುಂದೆ ವಿವರಣೆ ಕೊಡುವ ಪ್ರಸಂಗ ಬೇಡ. ಆಯಾ ವರ್ಷದ ನಿಯಮ ಪುಸ್ತಕ ಓದದೆ ಹೊರಡಬೇಡಿ. ತೋಳದ ನಿಯಮ, ಕೋಟಾ ಬದಲಾಗುತ್ತಲೇ ಇರುತ್ತವೆ. ಗಾರ್ಡಿನರ್ ಊರಿನ ಕಡೆ, ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಗಡಿಗೆ ಅಂಟಿಕೊಂಡು ಕೂತು ಪಾರ್ಕಿನ ತೋಳಗಳನ್ನು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1995 ಮತ್ತು 96ರಲ್ಲಿ ಕೆನಡಾದಿಂದ ತಂದು ಅಲ್ಲಿ ಬಿಟ್ಟದ್ದು 31 ತೋಳಗಳನ್ನು. ಈಗಿನವು ದಿನವೂ ರಸ್ತೆ ಬದಿಯಲ್ಲಿ ಜನರನ್ನು ನೋಡಿ ಬೆಳೆದವು, ಮನುಷ್ಯರ ಭಯ ಅಷ್ಟಿಲ್ಲ. ಅವನ್ನು ಗೆರೆ ದಾಟಿಸಿ ಹೊಡೆಯುವುದು ಬೇಟೆಯಲ್ಲ. ತೋಳವೇ ಎಲ್ಕನ್ನು ಮುಗಿಸಿತು ಎಂದವರಿಗೂ ಒಂದು ಮಾತು: ಅಲ್ಲಿನ ಉತ್ತರದ ಎಲ್ಕ್ ಹಿಂಡು 1994ರಲ್ಲಿ ಹತ್ತೊಂಬತ್ತು ಸಾವಿರದಷ್ಟಿದ್ದದ್ದು 2013ರಲ್ಲಿ ನಾಲ್ಕು ಸಾವಿರಕ್ಕೆ ಇಳಿದದ್ದು ನಿಜ, ಆದರೆ ಆ ಲೆಕ್ಕದಲ್ಲಿ ಕರಡಿ, ಕೂಗರ್ (ಪೂಮಾ), ಬರಗಾಲ ಮತ್ತು ನಮ್ಮದೇ ಬಂದೂಕುಗಳ ಪಾಲೂ ಇದೆ.

ಕರಡಿ ಎಂದಾಗ ನೆನಪಾಯಿತು. ಹೆಣ್ಣು ಎಲ್ಕಿನ ದನಿಗೆ ಗ್ರಿಜ್ಲಿಯೂ ಬರುತ್ತದೆ. ಕರಡಿ ಓಡಿಸುವ ಸ್ಪ್ರೇ ಬ್ಯಾಗಿನೊಳಗೆ ಇದ್ದರೆ ಇಲ್ಲದಂತೆಯೇ, ಎದೆಯ ಪಟ್ಟಿಯಲ್ಲಿರಲಿ. ಮಾಂಸವನ್ನು ಬಿಟ್ಟು ಬರಬೇಕಾದರೆ ಕರುಳಿನ ಗುಡ್ಡೆಯಿಂದ ನೂರು ಗಜ ದೂರಕ್ಕೆ ಸಾಗಿಸಿ, ದೂರದಿಂದಲೇ ಕಾಣುವಂತೆ ತೂಗುಹಾಕಿ, ಮರುದಿನ ಸದ್ದು ಮಾಡುತ್ತಾ ಹೋಗಿ. ತೋಳ ಸಿಕ್ಕರೆ ಕೈಗವಸು ಇಲ್ಲದೆ ಚರ್ಮ ಸುಲಿಯಬೇಡಿ, ಇಲ್ಲಿನ ತೋಳಗಳಲ್ಲಿ ಮನುಷ್ಯರಿಗೂ ಅಂಟುವ ಲಾಡಿಹುಳು ಇದೆ. ಎಲ್ಕಿನ ತಲೆಯಿಂದ ಸಿಡಬ್ಲ್ಯೂಡಿ (ಜಿಂಕೆ ಜಾತಿಯ ಪ್ರಾಣಿಗಳ ಮಿದುಳಿಗೆ ತಗಲುವ ಮಾರಕ ರೋಗ) ಪರೀಕ್ಷೆಗೆ ಮಾದರಿ ಕೊಡಿ. 2017ರಿಂದ ಆ ರೋಗ ಮೊಂಟಾನಾದಲ್ಲೂ ಇದೆ.

ಕಾಲ್ ಬೇಕೇ ಬೇಕೆಂದರೆ ಫೆಲ್ಪ್ಸ್ ಕಂಪನಿಯ ಬಾಯೊಳಗಿಟ್ಟು ಊದುವ ಹಗುರ ರಬ್ಬರಿನ ಡಯಾಫ್ರಾಮ್ ಎರಡು ಕೊಳ್ಳಿ, ಬಳಸಿದ ಮೇಲೆ ಒಣಗಿಸಿ ಫ್ರಿಜ್‌ನಲ್ಲಿಡಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ಪ್ರೈಮೋಸ್‌ನ ಒತ್ತುವ ಕಾಲ್ ನಿಮ್ಮ ಭಾವನಿಗೆ ಸಾಕು, ಆದರೆ ರಸ್ತೆಗೆ ಹತ್ತಿರದ ಕಾಡಿನಲ್ಲಿ ಆ ದನಿಯನ್ನು ಎಲ್ಕ್‌ಗಳು ಬೇಕಾದಷ್ಟು ಕೇಳಿವೆ.

ಎಚ್1ಬಿ ವೀಸಾದಲ್ಲಿರುವವರು ರೈಫಲ್ ಮುಟ್ಟುವ ಮೊದಲು ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಿ. ಇಲ್ಲಿನ ಫೆಡರಲ್ ಕಾನೂನಿನಲ್ಲಿ ನಮ್ಮಂಥವರಿಗೆ ಬಂದೂಕು ನಿಷಿದ್ಧ, ಆ ಲೈಸೆನ್ಸ್ ಅದಕ್ಕೆ ಇರುವ ವಿನಾಯಿತಿ. ಸಂಶಯವಿದ್ದರೆ ವಕೀಲರನ್ನು ಕೇಳಿ. ಊರಿಗೆ ಹೋದಾಗ ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಧಾಮದಲ್ಲಿ ಈ ಊಳಿಡುವ ಪ್ರಯೋಗ ಮಾಡುತ್ತೇನೆ ಎಂದು ಬರೆದ ತರುಣರೇ, ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ ಅದು, ಮರಿಗಳಿರುವ ಗವಿಯ ಬಳಿ ಪರಕೀಯ ದನಿ ಕೇಳಿದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸಬಹುದು.

ಮುಂದಿನ ವಾರ ಬೆಟ್ಟದ ಅದೇ ಏಣಿನತ್ತ ಹೋಗುವುದಾದರೆ ಪಶ್ಚಿಮದ ಹಳ್ಳದಿಂದ ಹತ್ತಿ, ಕತ್ತಲಿರುವಾಗಲೇ ಹುಲ್ಲುಗಾವಲಿನ ಕೆಳಗಿನ ಅಂಚು ಸೇರಿಕೊಳ್ಳಿ. ಗಾಳಿ ಯಾವ ಹೊತ್ತಿಗೆ ತಿರುಗಿತು ಎಂಬುದನ್ನು ಬರೆದಿಟ್ಟುಕೊಂಡು ಇಲ್ಲಿ ಹಾಕಿ, ಆಮೇಲೆ ಎಲ್ಲಿ ಕೂರಬೇಕೆಂದು ಹೇಳುತ್ತೇನೆ.