ಬರಹಗಾರರಿಗೆ ಸಲಹೆ: ಹನ್ನೊಂದನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ.

ಸಿಂಧನೂರಿನಿಂದ ನೀವು ಕಳಿಸಿದ ಆಲ್ಬಂ ವಿಮರ್ಶೆ ಓದಿದೆವು. ರಾಯಚೂರು ಕಡೆಯ ಗಾಯಕಿ, ತಾವೇ ಪದ ಕಟ್ಟಿ ತಾವೇ ಹಾಡುವವರು, ಅವರ ಎರಡನೇ ಆಲ್ಬಂ, ಒಂಬತ್ತು ಹಾಡು, ಏಕತಾರಿ, ಕೈಯಲ್ಲಿ ಬಾರಿಸುವ ದಮ್ಮಡಿಯ ಪಕ್ಕದಲ್ಲಿ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಮತ್ತು ತಾಳ ಹಾಕುವ ಡ್ರಮ್ ಮಷೀನು. ವಿಷಯ ನಮಗೆ ಬೇಕಾದದ್ದೇ. ಆದರೆ ಬರಹವನ್ನು ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆಲ್ಬಮನ್ನು ಕೇಳುತ್ತ, ನಿಮ್ಮ ಹಾಳೆ ಪಕ್ಕದಲ್ಲಿಟ್ಟುಕೊಂಡೇ ಈ ಉತ್ತರ ಬರೆದಿದ್ದೇವೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪೂರ್ತಿ ಓದಿ.

ನಿಮ್ಮ ಹನ್ನೊಂದನೇ ಪ್ಯಾರಾದ ನಡುವೆ ಒಂದು ಸಾಲಿದೆ: “ಮೂರನೇ ಹಾಡಿನಲ್ಲಿ ಅವರು ಒಂದು ಗಳಿಗೆ ತಡವಾಗಿ ಪಲ್ಲವಿ ಎತ್ತಿಕೊಳ್ಳುತ್ತಾರೆ, ಯಂತ್ರ ಕಾಯುವುದಿಲ್ಲ.” ಅಷ್ಟು ಹೇಳಿ ಮುಂದಿನ ಹಾಡಿಗೆ ಹೋಗಿಬಿಟ್ಟಿದ್ದೀರಿ. 1,800 ಪದಗಳಲ್ಲಿ ನಿಮ್ಮ ಕಿವಿಯಿಂದ ಬಂದ ಸಾಲು ಅದೊಂದೇ. ಉಳಿದದ್ದನ್ನು ಎತ್ತಿ ಬೇರೆ ಯಾವ ಆಲ್ಬಮಿನ ಮೇಲೆ ಇಟ್ಟರೂ ಕೂರುತ್ತದೆ. “ನೆಲದ ಸೊಗಡು” ನಾಲ್ಕು ಸಲ, “ಮಣ್ಣಿನ ವಾಸನೆ” ಎರಡು ಸಲ, “ಭಾವಲೋಕಕ್ಕೆ ಕರೆದೊಯ್ಯುತ್ತದೆ” ಮೂರು ಸಲ ಬಂದಿವೆ. “ಬಿಸಿಲನಾಡಿನ ಕೋಗಿಲೆ” ಒಂದೇ ಸಲ ಬಂದಿದೆ, ಅದೂ ಹೆಚ್ಚಾಯಿತು. ಇವನ್ನೆಲ್ಲ ಹೊಡೆದುಹಾಕಿ ನೋಡಿ. ಹಾಡಿನ ಬಗ್ಗೆ ಗೊತ್ತಿದ್ದದ್ದು ಏನೂ ಕಡಿಮೆಯಾಗುವುದಿಲ್ಲ.

ಆ ಒಂದು ಸಾಲು ಯಾಕೆ ಮುಖ್ಯ ಅಂದರೆ, ಇಡೀ ಆಲ್ಬಮಿನ ಜಗಳ ಅಲ್ಲೇ ಇದೆ. ನಮ್ಮ ಕಡೆ ತತ್ವಪದದ ಭಜನೆಯಲ್ಲಿ ಲಯ ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ. ಹಾಡುವವರು ಒಂದು ನುಡಿ ಮುಗಿಸಿ ಉಸಿರು ತೆಗೆದುಕೊಂಡರೆ ದಮ್ಮಡಿಯವರು ಅದನ್ನು ನೋಡಿ ಕೂದಲೆಳೆಯಷ್ಟು ನಿಲ್ಲುತ್ತಾರೆ. ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಂಡಾಗ ವೇಗ ಒಂದಿಷ್ಟು ಏರುತ್ತದೆ, ಕೊನೆಯ ನುಡಿಗೆ ಬರುವಷ್ಟರಲ್ಲಿ ತಾಳದ ಕೈ ಓಡುತ್ತಿರುತ್ತದೆ. ಒಬ್ಬರು ಇನ್ನೊಬ್ಬರಿಗೆ ಕಾಯುವುದೇ ಅಲ್ಲಿಯ ಲಯ. ಕಂಪ್ಯೂಟರಿನ ಲಯ ಗೆರೆ ಎಳೆದ ಹಾಳೆ ಇದ್ದಂತೆ. ನಿಮಿಷಕ್ಕೆ 100 ಬಡಿತ ಅಂದರೆ ಬಡಿತಕ್ಕೆ 600 ಮಿಲಿಸೆಕೆಂಡು, ಅದರ ಕಾಲು ಭಾಗ 150. ಕೈಯಲ್ಲಿ ಬಾರಿಸಿದ ದಮ್ಮಡಿಯ ಏಟು ಆ ಗೆರೆಗಿಂತ 20-30 ಮಿಲಿಸೆಕೆಂಡು ಹಿಂದೆ ಬಿದ್ದಿದ್ದರೆ, ಕ್ವಾಂಟೈಸ್ ಮಾಡಿದ, ಅಂದರೆ ಏಟುಗಳನ್ನು ಗೆರೆಗೆ ಎಳೆದು ಕೂರಿಸುವ ಗುಂಡಿ ಒತ್ತಿದ ಕೂಡಲೇ ಅದು ಗೆರೆಯ ಮೇಲೆ ಹೋಗಿ ಕೂರುತ್ತದೆ. ತಪ್ಪು ತಿದ್ದಿದಂತಾಯಿತು ಅನ್ನಿಸುತ್ತದೆ, ಆದರೆ ಕುಣಿಸುತ್ತಿದ್ದದ್ದೇ ಆ 20 ಮಿಲಿಸೆಕೆಂಡು. ಐದನೇ ಹಾಡು ಯಾಕೋ ಸಪ್ಪೆ ಅಂತ ಬರೆದಿದ್ದೀರಲ್ಲ, ಆ ‘ಯಾಕೋ’ಗೆ ಉತ್ತರ ಇದು. ಅಲ್ಲಿ ದಮ್ಮಡಿ ನಿಜವಾದದ್ದೇ, ಆದರೆ ಎಲ್ಲ ಏಟೂ ಗೆರೆಯ ಮೇಲೆ ಕೂತಿವೆ. ‘ಯಾಕೋ’ ಎಂಬ ಮಾತು ವಿಮರ್ಶೆಯಲ್ಲಿ ಬಂದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದೇ ತಿಳಿಯಿರಿ.

ಈಗ ಮೂರನೇ ಹಾಡಿಗೇ ಮತ್ತೆ ಬನ್ನಿ. ಮೊದಲ ನುಡಿ ಆದ ಮೇಲೆ ಯಂತ್ರ ಕಾಯುವುದಿಲ್ಲ, ಹೌದು. ಎರಡನೇ ನುಡಿ ಆದ ಮೇಲೆ ಕೇಳಿದಿರಾ? ಅಲ್ಲಿ ಕಿಕ್ ಡ್ರಮ್ಮನ್ನು, ಅಂದರೆ ಡ್ರಮ್ ಮಷೀನಿನ ಆಳದ ಏಟನ್ನು, ಎರಡು ಆವರ್ತನ ಪೂರ್ತಿ ತೆಗೆದಿದ್ದಾರೆ. ಬರೀ ಏಕತಾರಿ ಉಳಿಯುತ್ತದೆ, ಗಾಯಕಿ ತಮಗೆ ಬೇಕಾದಷ್ಟು ತಡ ಮಾಡಿ ಪಲ್ಲವಿ ಎತ್ತುತ್ತಾರೆ, ಆಮೇಲೆ ಕಿಕ್ ಬಂದು ಸೇರಿಕೊಳ್ಳುತ್ತದೆ. ಅಂದರೆ ಮೊದಲ ಸಲ ಕಾಯದ ಯಂತ್ರ ಎರಡನೇ ಸಲ ಕಾಯುತ್ತದೆ. ಇದು ಆಕಸ್ಮಿಕ ಅಲ್ಲ. ಆರನೇ ಹಾಡನ್ನು “ಒಂದೇ ಲಯದಲ್ಲಿ ಸಾಗುತ್ತದೆ” ಎಂದು ಬರೆದಿದ್ದೀರಿ, ಅದು ತಪ್ಪು. ಗಡಿಯಾರ ಹಿಡಿದು ಎಣಿಸಿ: ಮೊದಲ ನುಡಿಯಲ್ಲಿ 15 ಸೆಕೆಂಡಿಗೆ 21 ಬಡಿತ, ಕೊನೆಯ ನುಡಿಯಲ್ಲಿ 25. ನಾಲ್ಕರಿಂದ ಗುಣಿಸಿದರೆ 84ರಿಂದ 100ಕ್ಕೆ ಏರಿದೆ. ಭಜನೆಯ ಏರಿಕೆಯನ್ನು ಯಂತ್ರಕ್ಕೆ ಕಲಿಸಿದ್ದಾರೆ. ಕಂಪ್ಯೂಟರಿನಲ್ಲಿ ಲಯವನ್ನು ಒಂದೇ ಅಂಕಿಗೆ ಬಿಡದೆ ಏರುಗೆರೆಯಾಗಿ ಬರೆದಿಡಬಹುದು. ಮೊದಲ ಆಲ್ಬಂ ಮತ್ತು ಇದರ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ. ನೀವು ಆ ವ್ಯತ್ಯಾಸಕ್ಕೆ ಕೊಟ್ಟದ್ದು ಒಂದು ಸಾಲು, “ಎರಡನೇ ಆಲ್ಬಮಿನ ಶಾಪವನ್ನು ಮೀರಿದ್ದಾರೆ” ಅಂತ. ಶಾಪ ಗೀಪ ಬಿಡಿ. ಎರಡೂ ಆಲ್ಬಮಿನಿಂದ ಒಂದೇ ಬಗೆಯ ಒಂದೊಂದು ಹಾಡು ಎತ್ತಿಕೊಂಡು ಶ್ರುತಿ ಏನಿತ್ತು ಏನಾಯಿತು, ವಾದ್ಯ ಎಷ್ಟಿತ್ತು ಎಷ್ಟಾಯಿತು, ಹಿಮ್ಮೇಳ ಯಾರದು, ಇಷ್ಟು ನೋಡಿ. ಪೇಟಿಯ (ಹಾರ್ಮೋನಿಯಂ) ಮನೆಗಳ ಮೇಲೆ ಶ್ರುತಿ ಹುಡುಕಲು ಎರಡು ನಿಮಿಷ ಸಾಕು. ಮೊದಲನೆಯದರಲ್ಲಿ ಕಪ್ಪು ಐದರಲ್ಲಿ, ಅಂದರೆ ಐದನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದವರು ಇಲ್ಲಿ ಕಪ್ಪು ನಾಲ್ಕಕ್ಕೆ ಇಳಿದಿದ್ದಾರೆ. ಮೇಲಿನ ಸ್ವರಗಳ ಜಾಗವನ್ನು ಸಿಂಥ್ ತುಂಬುವಾಗ ದನಿ ಕೆಳಗೆ ಕೂತರೆ ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ, ಕಾರಣ ಅದಿರಬಹುದು. ಗಾಯಕಿಯನ್ನೇ ಕೇಳಿ ಬರೆಯಿರಿ.

“ಬೇಸ್ ಇಲ್ಲದ ತೆಳು ಧ್ವನಿಮುದ್ರಣ” ಎಂಬ ದೂರು. ಪತ್ರದಲ್ಲಿ ನೀವೇ ಹೇಳಿದ್ದೀರಿ, ಸಿಂಧನೂರು-ರಾಯಚೂರು ಬಸ್ಸಿನಲ್ಲಿ ಫೋನಿನಲ್ಲಿ ಕೇಳಿದೆ ಅಂತ. ಡ್ರಮ್ ಮಷೀನಿನ ಆಳದ ಕಿಕ್ ಇರುವುದು 50 ಹರ್ಟ್ಸ್ ಆಸುಪಾಸು. ಫೋನಿನ ಪುಟ್ಟ ಸ್ಪೀಕರು 200-300 ಹರ್ಟ್ಸ್ ಕೆಳಗೆ ಹೆಚ್ಚೇನೂ ಹೊರಡಿಸುವುದಿಲ್ಲ. ಅದರ ಮೇಲೆ ಬಸ್ಸಿನ ಎಂಜಿನ್ನು ಅದೇ ಕೆಳಗಿನ ಜಾಗದಲ್ಲಿ ಗುಡುಗುತ್ತಿರುತ್ತದೆ. ನೀವು ಕೇಳಿದ್ದು ಅರ್ಧ ಆಲ್ಬಂ. ಮೂರು ಸಲ ಕೇಳಿ: ಒಮ್ಮೆ ತಂತಿ ಇರುವ ಹೆಡ್‌ಫೋನಿನಲ್ಲಿ, ಒಮ್ಮೆ ದೊಡ್ಡ ಸ್ಪೀಕರಿನಲ್ಲಿ, ಕೊನೆಗೆ ಬೇಕಾದರೆ ಬಸ್ಸಿನಲ್ಲಿ. ಬಸ್ಸಿನದ್ದನ್ನು ಬಿಡಬೇಡಿ, ಬಹಳಷ್ಟು ಓದುಗರು ಕೇಳುವುದು ಹಾಗೇ. ಆದರೆ ದೂರು ಬರೆಯುವ ಮೊದಲು ಉಳಿದ ಎರಡು ಆಗಿರಬೇಕು.

ಎಂಟನೇ ಹಾಡಿನ ದನಿಯನ್ನು “ಆಟೋಟ್ಯೂನ್ ಹಾಕಿ ಕೊಂದಿದ್ದಾರೆ” ಅಂದಿದ್ದೀರಿ. ಕೊಂದಿರಬಹುದು, ಆದರೆ ಆಯುಧ ಅದಲ್ಲ. ದನಿಯ ಶ್ರುತಿ ತಿದ್ದುವ ಆಟೋಟ್ಯೂನನ್ನು ಬಿರುಸಾಗಿ ಇಟ್ಟರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾರು ಮಾಯವಾಗಿ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ, ಉಸಿರು ಮಾತ್ರ ಮನುಷ್ಯರದ್ದೇ ಇರುತ್ತದೆ. ವೋಕೋಡರ್ ಹಾಕಿದರೆ ಅಕ್ಷರಗಳು ಉಳಿದು ದನಿಯೇ ಸಿಂಥ್ ಆಗಿಬಿಡುತ್ತದೆ, ಒಂದೇ ಬಾಯಿಂದ ಮೂರು ಸ್ವರ ಒಟ್ಟಿಗೆ ಬರುತ್ತವೆ. ಎಂಟನೇ ಹಾಡಿನಲ್ಲಿರುವುದು ಎರಡನೆಯದು. ನಾಲ್ಕನೇ ಹಾಡಿನ “ಊರ ಹೆಂಗಸರ ಹಿಮ್ಮೇಳ”ವೂ ನಿಮ್ಮನ್ನು ಮೋಸಗೊಳಿಸಿದೆ. ಅದು ಒಂದೇ ದನಿಯ ನಕಲುಗಳು: ಒಂದಿಷ್ಟು ಹಿಂದೆಮುಂದೆ ಸರಿಸಿ, ಶ್ರುತಿಯಲ್ಲಿ ಚೂರು ಏರುಪೇರು ಮಾಡಿದ್ದು. ಗುರುತು ಹಿಡಿಯುವುದು ಸುಲಭ. ನಿಜವಾದ ಗುಂಪಿನಲ್ಲಿ ಒಬ್ಬಾಕೆ ಸಾಲನ್ನು ಬೇಗ ಬಿಡುತ್ತಾಳೆ, ಇನ್ನೊಬ್ಬಾಕೆ ತಡವಾಗಿ ಸೇರುತ್ತಾಳೆ, ಸಕಾರ ಚಕಾರಗಳು ಚದುರಿ ಬೀಳುತ್ತವೆ. ಇಲ್ಲಿ ಎಲ್ಲರೂ ಒಂದೇ ಕಡೆ ಉಸಿರು ತೆಗೆಯುತ್ತಾರೆ.

“ತಂಬೂರಿ ಉಸಿರಾಡುತ್ತದೆ” ಎಂಬ ಮಾತು ಚೆನ್ನಾಗಿದೆ, ಇಟ್ಟುಕೊಳ್ಳಿ. ಆದರೆ ಅದು ಹೇಗೆ ಆಗುತ್ತದೆ ಎಂದು ಒಂದು ಸಾಲು ಸೇರಿಸಿ. ಕಿಕ್ ಬಿದ್ದಾಗಲೆಲ್ಲ ತಂಬೂರಿಯ ಸದ್ದು ತಾನೇ ತಗ್ಗಿ ಮತ್ತೆ ಏಳುವಂತೆ ಕಟ್ಟುತ್ತಾರೆ, ಸೈಡ್‌ಚೈನ್ ಅನ್ನುತ್ತಾರೆ. ಇಲ್ಲಿಯೂ ಅದೇ ಪ್ರಶ್ನೆ: ಯಾರು ಯಾರಿಗೆ ದಾರಿ ಬಿಡುತ್ತಿದ್ದಾರೆ?

ಈಗ ಚರಿತ್ರೆಯ ಭಾಗ. ಮೊದಲ 500 ಪದ ಅದಕ್ಕೇ ಹೋಗಿದೆ, ಅದರಲ್ಲಿ ಎರಡು ತಪ್ಪು. “ಭಾರತೀಯ ಸಂಗೀತಕ್ಕೆ ಎಲೆಕ್ಟ್ರಾನಿಕ್ ಸದ್ದು ಬಂದದ್ದು 2000ದ ನಂತರ” ಅಲ್ಲ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನು, ಸಿಂಥ್ ಇಟ್ಟುಕೊಂಡು ರಾಗಗಳನ್ನು ಮುದ್ರಿಸಿದ್ದರು. ಅದಕ್ಕೂ ಮೊದಲು, 1979ರ ಹೊತ್ತಿಗೆ, ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿಯಾಗಿತ್ತು. ಇವತ್ತು ಅಂಥದೊಂದಿಲ್ಲದ ಭಜನೆಯ ಕಟ್ಟೆ ಹುಡುಕಬೇಕು. “ಕನ್ನಡದಲ್ಲಿ ಇಂಥ ಬೆಸುಗೆ ಇದೇ ಮೊದಲು” ಎಂಬುದೂ ನಿಲ್ಲುವುದಿಲ್ಲ. ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಮಿನ ಜೊತೆ ಹಾಡಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ‘ಮೊದಲು’ ಎಂಬ ಪದ ಬರೆಯುವ ಮುನ್ನ ಕೈ ನಡುಗಬೇಕು.

ಚರಿತ್ರೆ ಬೇಕೇ ಬೇಕು ಅಂದರೆ ಪೇಟಿಯದ್ದು ಬರೆಯಿರಿ, ಅದು ನಿಮ್ಮ ವಾದಕ್ಕೆ ಸೀದಾ ತಾಗುತ್ತದೆ. “ಯಂತ್ರಕ್ಕೆ ಗಮಕ ಬರದು, ಆದ್ದರಿಂದ ಜನಪದಕ್ಕೆ ಒಗ್ಗದು” ಅಂದಿದ್ದೀರಿ. ಇದೇ ಮಾತನ್ನು ಹಾರ್ಮೋನಿಯಂ ಬಗ್ಗೆ ಹೇಳಿ ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿತ್ತು, 1971ರ ಹೊತ್ತಿಗೆ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಂಡಿತು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ವಾದ್ಯ ಅದು. ಹನ್ನೆರಡು ಮನೆಗಳ ನಡುವೆ ಜಾರಲು ಅದಕ್ಕೂ ಬರದು. ಆಟೋಟ್ಯೂನಿನ ಹನ್ನೆರಡು ಮೆಟ್ಟಿಲಿಗೂ ಪೇಟಿಯ ಹನ್ನೆರಡು ಮನೆಗೂ ಲೆಕ್ಕದಲ್ಲಿ ಏನು ವ್ಯತ್ಯಾಸ? ಪೇಟಿ ಹಾಡಿನ ಹಿಂದೆ ನಿಂತು ಹಿಂಬಾಲಿಸುತ್ತದೆ, ಜಾರುವ ಕೆಲಸವನ್ನು ಗಂಟಲಿಗೆ ಬಿಡುತ್ತದೆ. ಆಟೋಟ್ಯೂನ್ ಗಂಟಲಿನ ಒಳಗೇ ಕೈ ಹಾಕುತ್ತದೆ. ಈ ವ್ಯತ್ಯಾಸವನ್ನು ಒಂದು ಪ್ಯಾರಾದಲ್ಲಿ ಬಿಡಿಸಿದರೆ ನಿಮ್ಮ 500 ಪದಗಳಿಗಿಂತ ಹೆಚ್ಚು ಹೇಳಿದಂತಾಗುತ್ತದೆ.

ಇನ್ನೊಂದು ತಪ್ಪು ಸಣ್ಣದಲ್ಲ. ಎರಡನೇ ಹಾಡಿನಲ್ಲಿ ಅವರು ಬಳಸಿರುವ ಕೀರ್ತನೆಯನ್ನು “ಪುರಂದರದಾಸರ ಜಾನಪದ ಗೀತೆ” ಎಂದಿದ್ದೀರಿ. ಕೊನೆಯ ಸಾಲಿನಲ್ಲಿ ‘ಜಗನ್ನಾಥವಿಠಲ’ ಎಂದು ಅಂಕಿತ ಸ್ಪಷ್ಟವಾಗಿ ಕೇಳುತ್ತದೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರು! ನಿಮ್ಮ ಪಕ್ಕದ ತಾಲ್ಲೂಕು. ಬೇರೆ ಜಿಲ್ಲೆಯವರು ತಪ್ಪಿದರೆ ಕ್ಷಮಿಸಬಹುದಿತ್ತು. ಕರ್ತೃ ಗೊತ್ತಿರುವ ದಾಸರ ಪದ ಜಾನಪದವೂ ಅಲ್ಲ. ‘ಜಾನಪದ’ ಎಂದು ಒಟ್ಟಾರೆ ಬರೆಯುವುದನ್ನೇ ಬಿಡಿ. ರಾತ್ರಿ ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುವ ಹಂತಿ ಪದ ಬೇರೆ, ಎಲ್ಲಮ್ಮನ ಚೌಡಿಕೆ ಪದ ಬೇರೆ, ಮೊಹರಂನ ರಿವಾಯತ್ ಬೇರೆ. ನಾಲ್ಕನೇ ಹಾಡಿನ ಎತ್ತುಗಡೆ ರಿವಾಯತ್ತಿನದು. ಮುದಗಲ್ಲಿನ ಮೊಹರಂ ನೋಡಿದ ಯಾರಿಗಾದರೂ ತಿಳಿಯುತ್ತದೆ. ಅದನ್ನು ಹೆಸರಿಟ್ಟು ಬರೆದರೆ ಓದುಗರ ಕಿವಿಯಲ್ಲಿ ಅರ್ಧ ಹಾಡು ಆಗಲೇ ಶುರುವಾಗಿರುತ್ತದೆ.

ಹಕ್ಕಿನ ಮಾತು ಎತ್ತಿದ್ದೀರಿ, ಅದನ್ನೂ ಸರಿಮಾಡಿ. ದಾಸರ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಆದರೆ ಧಾಟಿ ಈ ಕಾಲದವರು ಹಾಕಿದ್ದಾದರೆ ಅದಕ್ಕೆ ಬೇರೆ ಹಕ್ಕು, ಹಳೆಯ ಕ್ಯಾಸೆಟ್ಟಿನಿಂದ ದನಿ ಕತ್ತರಿಸಿ ಹಾಕಿದ್ದರೆ ಧ್ವನಿಮುದ್ರಣಕ್ಕೆ ಮತ್ತೊಂದು. ಮೂರನ್ನೂ ಒಂದೇ ಮಾಡಿ “ಕದ್ದಿದ್ದಾರೆ” ಎನ್ನುವುದು ವಿಮರ್ಶೆಯಲ್ಲ, ನೋಟಿಸು ತರಿಸಿಕೊಳ್ಳುವ ದಾರಿ. ಆ ವಾಕ್ಯ ನಮ್ಮಲ್ಲಿ ಅಚ್ಚಾಗುವುದಿಲ್ಲ. ಹಾಗೆಯೇ ಸಿಂಥ್, ಬೀಟು, ಮಿಕ್ಸಿಂಗ್ ಎಲ್ಲವನ್ನೂ ಗಾಯಕಿಯ ಖಾತೆಗೇ ಬರೆದಿದ್ದೀರಿ. ಆಲ್ಬಮಿನ ಟಿಪ್ಪಣಿಯಲ್ಲಿ ಪದ, ಧಾಟಿ, ನಿರ್ಮಾಣ, ಮಿಕ್ಸ್ ಎಂದು ನಾಲ್ಕು ಕಡೆ ಹೆಸರುಗಳಿವೆ. ಮೂರನೇ ಹಾಡಿನಲ್ಲಿ ಕಿಕ್ ತೆಗೆದ ಕೈ ಯಾರದು ಎಂಬುದು ಅಲ್ಲಿಂದ ತಿಳಿಯುತ್ತದೆ.

ಅದೇ ಟಿಪ್ಪಣಿಯನ್ನು ಓದಿದ್ದರೆ ಏಳನೇ ಹಾಡಿನ ಆರಂಭವನ್ನು “ವಿಚಿತ್ರ ಸದ್ದು” ಎನ್ನುತ್ತಿರಲಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಮುದ್ರಿಸಿದ ಹೊಲಿಗೆ ಯಂತ್ರ ಅದು. ಒಂದು ಹೊಲಿಗೆಯ ಓಟವನ್ನು ಕತ್ತರಿಸಿ, ಪುನರಾವರ್ತಿಸಿ, ಕಿಕ್ಕಿನ ಮೇಲೆ ತಾಳದ ಜಾಗದಲ್ಲಿ ಕೂರಿಸಿದ್ದಾರೆ. ಕಾಲೊತ್ತು ಸಡಿಲಿಸಿದಾಗ ಯಂತ್ರ ನಿಧಾನವಾಗಿ ನಿಲ್ಲುವ ಸದ್ದನ್ನು ಹಾಗೇ ಬಿಟ್ಟಿದ್ದಾರೆ, ಸರಿಯಾಗಿ ಅಲ್ಲೇ ಹಾಡು ಶುರು. ನಮ್ಮ ಮಟ್ಟಿಗೆ ಆಲ್ಬಮಿನ ಅತ್ಯುತ್ತಮ ಹತ್ತು ಸೆಕೆಂಡು ಇದು. ಯಂತ್ರ ಕಾಯಲು ಕಲಿಯುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗದು.

ಭಾಷೆ ಬಗ್ಗೆ ಒಂದೇ ತಕರಾರು, ಆದರೆ ಗಟ್ಟಿ ತಕರಾರು. ಹಾಡಿನ ಸಾಲು ಎತ್ತಿ ಬರೆಯುವಾಗ ‘ಬರಾಕತ್ತಾನ’ ಎಂಬುದನ್ನು ‘ಬರುತ್ತಿದ್ದಾನೆ’ ಎಂದು ತಿದ್ದಿದ್ದೀರಿ. ಮಾತ್ರೆ ಎಣಿಸಿದರೆ ಎರಡೂ ಎಂಟೇ, ಅದಕ್ಕೇ ನಿಮಗೆ ಅನುಮಾನ ಬಂದಿರಲಿಕ್ಕಿಲ್ಲ. ಆದರೆ ಅವರು ದನಿ ಎಳೆಯುವುದು ‘ರಾ’ ಮೇಲೆ. ನಿಮ್ಮ ತಿದ್ದುಪಡಿಯಲ್ಲಿ ಆ ಜಾಗಕ್ಕೆ ‘ರುತ್’ ಬಂದು ಕೂತಿದೆ. ನಾಲಗೆ ಹಲ್ಲಿಗೆ ತಾಗಿದ ಮೇಲೆ ಎಳೆಯುವುದು ಏನನ್ನು? ಹಾಡಿದ್ದನ್ನು ಹಾಡಿದಂತೆಯೇ ಬರೆಯಿರಿ. ನಿಮ್ಮ ಸ್ವಂತ ವಾಕ್ಯಗಳಿಗೂ ಸಿಂಧನೂರಿನ ಮಾತು ಅಲ್ಲಲ್ಲಿ ಬಂದರೆ ನಾವೇನೂ ಕತ್ತರಿ ಆಡಿಸುವುದಿಲ್ಲ.

ಮುಂದಿನ ಕರಡು 900 ಪದ ಮೀರದಿರಲಿ. ಒಂಬತ್ತೂ ಹಾಡಿಗೆ ಒಂದೊಂದು ಪ್ಯಾರಾ ಹಂಚುವುದು ಬೇಡ. ಮೂರು, ಆರು, ಏಳು ಸಾಕು, ಸೋತ ಹಾಡಾಗಿ ಐದನೆಯದು ಇರಲಿ. ಏನೂ ನೆನಪಿನಲ್ಲಿ ಉಳಿಯದ ಒಂಬತ್ತನೆಯದನ್ನು ಧಾರಾಳವಾಗಿ ಬಿಡಿ. ಪ್ರತಿ ಮಾತಿಗೂ ಯಾವ ಹಾಡು, ಎಷ್ಟನೇ ನಿಮಿಷ ಎಂದು ಪಕ್ಕದಲ್ಲಿ ಗುರುತು ಹಾಕಿ ಕಳಿಸಿ. ಅಚ್ಚಿನಲ್ಲಿ ಅವು ಇರುವುದಿಲ್ಲ, ನಾವು ತಾಳೆ ನೋಡಲು ಬೇಕು. ನಾಲ್ಕೂವರೆ ನಕ್ಷತ್ರ ತೆಗೆಯಿರಿ, ನಮ್ಮಲ್ಲಿ ನಕ್ಷತ್ರ ಹಾಕುವ ಪದ್ಧತಿ ಇಲ್ಲ. ಗಾಯಕಿಯ ಹೆಸರನ್ನು ಎರಡು ಕಾಗುಣಿತದಲ್ಲಿ ಬರೆದಿದ್ದೀರಿ, ಆಲ್ಬಮಿನ ಮೇಲೆ ಅಚ್ಚಾಗಿರುವುದನ್ನೇ ಉಳಿಸಿಕೊಳ್ಳಿ. ಹದಿನೈದು ದಿನದೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಹಿಡಿದಿಡುತ್ತೇವೆ.