ಮಗ ಏಳನೇ ಸಲ ಓದುತ್ತಿದ್ದ ಪುಸ್ತಕವನ್ನು ನಾನು ದಾನ ಕೊಟ್ಟೆ

12 ವರ್ಷದ ಮಗ ಒಂದೇ ಕಾಮಿಕ್ಸ್ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತಾನೆ, 15 ವರ್ಷದ ಮಗಳು ಮೊಬೈಲಿನಲ್ಲಿ ಪ್ರೇಮಕಥೆ ಓದುತ್ತಾಳೆ, ಇಬ್ಬರನ್ನೂ ಒಳ್ಳೆಯ ಓದಿಗೆ ಹಚ್ಚಲು ಹತ್ತು ಪುಸ್ತಕಗಳ ಪಟ್ಟಿ ಕೊಡಿ ಎಂದು ಕೇಳಿದ್ದೀರಿ. ಪಟ್ಟಿ ನನ್ನ ಬಳಿ ಇಲ್ಲ. ಆದರೆ ‘ಒಂದೇ ಪುಸ್ತಕ’ ಎಂಬ ನಿಮ್ಮ ಮಾತು ಓದಿದ ಮೇಲೆ ಸುಮ್ಮನಿರಲೂ ಆಗಲಿಲ್ಲ. ಕಣದಲ್ಲಿ ಕಾಫಿ ಹರಡುವ ಕೆಲಸ ಬಿಟ್ಟು ಬಂದು ಬರೆಯುತ್ತಿದ್ದೇನೆ.

ನಮ್ಮದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಸಣ್ಣ ತೋಟ. ಮನೆಯಲ್ಲಿ ಆಡುವುದು ಅರೆಭಾಷೆ, ಪುಸ್ತಕದ ಕನ್ನಡಕ್ಕಿಂತ ಬೇರೆಯಾದ ನಮ್ಮ ಕಡೆಯ ಆಡುಮಾತು. ಮಗ ಹುಟ್ಟಿದ್ದು 2004ರಲ್ಲಿ, ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಅವನಿಗೆ ವಾರಕ್ಕೆ ಕೆಲವು ಪೀರಿಯಡ್‌ಗಳ ವಿಷಯ ಮಾತ್ರ. ಒತ್ತಕ್ಷರ ಬಂದರೆ ಗೇಟಿನ ಮುಂದೆ ನಿಂತ ದನದಂತೆ ನಿಂತುಬಿಡುತ್ತಿದ್ದ. ಅಂಥವನು 2014ರ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ಟ್ರಂಕಿನಿಂದ ಒಂದು ಪುಸ್ತಕ ಎತ್ತಿಕೊಂಡ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ, ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆ. ಅಲಕನಂದಾ ಮತ್ತು ಮಂದಾಕಿನಿ ನದಿಗಳು ಕೂಡುವ ಆ ಸೀಮೆಯಲ್ಲಿ 1918ರಿಂದ 1926ರವರೆಗೆ 125 ಜನರನ್ನು ತಿಂದ ಚಿರತೆ ಅದು. ಕೊನೆಗೆ ಅದನ್ನು ಕೊಂದವರು ಜಿಮ್ ಕಾರ್ಬೆಟ್. ಹತ್ತು ವರ್ಷದ ಹುಡುಗನಿಗೆ ಕೊಡುವ ಪುಸ್ತಕವೇ ಎಂದು ನನ್ನ ಹೆಂಡತಿ ಕೇಳಿದಳು. ಕೊಟ್ಟವರು ಯಾರು, ಅವನೇ ತೆಗೆದುಕೊಂಡದ್ದು.

ಮೊದಲ ಸಲ ಮುಗಿಸಲು ಒಂದು ತಿಂಗಳು ಹಿಡಿಯಿತು. ಮುಗಿದ ಮರುದಿನವೇ ಮತ್ತೆ ಮೊದಲ ಪುಟ ತೆರೆದ. ಆಮೇಲೆ ಮತ್ತೊಮ್ಮೆ, ಮಗದೊಮ್ಮೆ. ಆರನೇ ತರಗತಿಗೆ ಬರುವ ಹೊತ್ತಿಗೆ ಏಳನೇ ಸಲ ನಡೆದಿತ್ತು. ಪುಸ್ತಕದ ಬೆನ್ನು ಬಿಟ್ಟುಹೋಗಿ, ಅವನು ಅದಕ್ಕೆ ಚೀಲ ಹೊಲಿಯುವ ಗೋಣಿ ದಾರ ಹಾಕಿಕೊಂಡಿದ್ದ.

ನನಗೆ ಕಿರಿಕಿರಿ ಶುರುವಾಯಿತು. ಪಕ್ಕದ ತೋಟದವರ ಹುಡುಗಿ ಆಗಲೇ ಇಂಗ್ಲಿಷಿನ ದಪ್ಪ ದಪ್ಪ ಪುಸ್ತಕಗಳನ್ನು ಸಾಲಾಗಿ ಮುಗಿಸುತ್ತಿದ್ದಳು. ನಮ್ಮ ನೆಂಟರೊಬ್ಬರು, ನಿವೃತ್ತ ಮೇಷ್ಟ್ರು, ಮದುವೆ ಮನೆಯ ಊಟದ ಸಾಲಿನಲ್ಲಿ ಕುಳಿತು, ‘ಒಂದನ್ನೇ ಓದುವ ಮಗು ಅಲ್ಲಿಯೇ ನಿಂತುಹೋಗುತ್ತದೆ’ ಎಂದರು. ಅದನ್ನು ವೇದವಾಕ್ಯದಂತೆ ಮನೆಗೆ ತಂದೆ. 2015ರ ನವೆಂಬರ್‌ನಲ್ಲಿ ಮಕ್ಕಳ ದಿನಾಚರಣೆಗೆ ಶಾಲೆಯವರು ಗ್ರಂಥಾಲಯಕ್ಕೆ ಹಳೆಯ ಪುಸ್ತಕಗಳನ್ನು ಕೇಳಿದಾಗ ಐದು ಪುಸ್ತಕ ಕಟ್ಟಿ ಕೊಟ್ಟೆ. ಅದರಲ್ಲಿ ಇದೂ ಒಂದು.

ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ಅವನು ಅಳಲಿಲ್ಲ, ಜಗಳವಾಡಲಿಲ್ಲ. ‘ಅಪ್ಪಾ, ಒಳಗಿದ್ದ ಕಾಗದ ತೆಗೆದಿಟ್ಟಿದ್ದೀಯಾ?’ ಎಂದು ಕೇಳಿದ. ಯಾವ ಕಾಗದ ಎಂದೆ. ‘ಏನಿಲ್ಲ’ ಎಂದು ಅನ್ನ ಕಲಸಿದ.

ಅದಾದ ಮೇಲೆ ನಾನು ಮಾಡಿದ್ದು ಇನ್ನೂ ಚೆಂದ. ಮೈಸೂರಿಗೆ ಹೋಗಿ 2,800 ರೂಪಾಯಿ ಕೊಟ್ಟು 22 ಪುಸ್ತಕ ತಂದೆ. ಮಹಾಪುರುಷರ ಜೀವನ, ವಿಜ್ಞಾನದ ಪ್ರಶ್ನೋತ್ತರ, ವ್ಯಕ್ತಿತ್ವ ವಿಕಸನ, ನೀತಿ ಕಥೆ, ಎಲ್ಲವೂ ‘ಒಳ್ಳೆಯವು’. ನಮ್ಮ ಮಳೆಗಾಲ ನಿಮಗೆ ಗೊತ್ತಿರಬಹುದು, ಜೂನ್‌ನಲ್ಲಿ ಹೊರಗಿಟ್ಟ ಚಪ್ಪಲಿಗೆ ಜುಲೈನಲ್ಲಿ ಬೂಸ್ಟು ಹಿಡಿದಿರುತ್ತದೆ. ಪುಸ್ತಕ ಹಾಳಾಗಬಾರದೆಂದು ಗಾಜಿನ ಬಾಗಿಲಿನ ಬೀರು ಮಾಡಿಸಿ, ನುಸಿಗುಳಿಗೆ ಹಾಕಿ, ಬೀಗ ಜಡಿದೆ. ಬೀಗದ ಕೈ ನನ್ನ ಬಳಿ. ಜೊತೆಗೊಂದು ನೋಟ್ ಪುಸ್ತಕ: ಓದಿದ ಪುಸ್ತಕದ ಹೆಸರು, ಪುಟಗಳ ಸಂಖ್ಯೆ, ಕಲಿತ ನೀತಿ. ಪ್ರತಿ ಭಾನುವಾರ ತಪಾಸಣೆ. ತೋಟದ ರೈಟರ್ ಹಾಜರಿ ಪುಸ್ತಕ ತೋರಿಸಿದಂತೆ ಮಗ ನೋಟ್ ಪುಸ್ತಕ ತೋರಿಸುತ್ತಿದ್ದ. 14 ಪುಸ್ತಕ ‘ಮುಗಿಸಿದ’. ಅಷ್ಟನ್ನೂ ಪುಸ್ತಕಗಳ ಹಿಂಬದಿಯ ರಕ್ಷಾಪುಟ ನೋಡಿ ನಕಲು ಮಾಡಿದ್ದ ಎಂಬುದು ನನಗೆ ತಿಳಿಯುವ ಹೊತ್ತಿಗೆ, ಅವನು ಪಠ್ಯ ಬಿಟ್ಟು ಬೇರೆ ಯಾವುದನ್ನೂ ಮುಟ್ಟದೆ ಎರಡು ವರ್ಷ ಕಳೆದಿತ್ತು.

ಈಗ ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ನನಗೇ ತಡವಾಗಿ ಅರ್ಥವಾಯಿತು. ಪುಸ್ತಕ ಕೊಟ್ಟುಬಿಟ್ಟದ್ದು ತಪ್ಪು ಎಂದು ಮೊದಲು ಅಂದುಕೊಂಡೆ. ಅಲ್ಲ, ಅಂಗಡಿಯಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ. ಕೇಳದೆ ಕೊಟ್ಟದ್ದು ತಪ್ಪು ಎಂದು ಆಮೇಲೆ ಅಂದುಕೊಂಡೆ. ಅದೂ ತಪ್ಪೇ, ಆದರೆ ಅದು ಮರ್ಯಾದೆಗೆ ಸೇರಿದ ತಪ್ಪು, ಕ್ಷಮೆ ಕೇಳಿದರೆ ಮುಗಿಯುತ್ತದೆ. ನಿಜವಾದ ತಪ್ಪು, ಓದನ್ನು ಪುಸ್ತಕಗಳ ಎಣಿಕೆಯಲ್ಲಿ ಅಳೆದದ್ದು. ಕಾಫಿ ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟರೆ ಏನಾಗುತ್ತದೆ? ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ, ಗಿಡದ ರೆಕ್ಕೆಯೂ, ಅಂದರೆ ಅಡ್ಡ ಕೊಂಬೆಯೂ ಮುರಿಯುತ್ತದೆ. ಇಪ್ಪತ್ತೈದು ವರ್ಷ ತೋಟ ಮಾಡಿದ ನನಗೆ ಇದು ಬಾಯಿಪಾಠ. ಮನೆಯೊಳಗೆ ಮಾತ್ರ ತಿಳಿಯಲಿಲ್ಲ.

ಇನ್ನೂ ಒಂದಿದೆ. ಹುಡುಗ ಮೊದಲ ಸಲ ಓದುವಾಗ ಅವನ ಶಕ್ತಿಯೆಲ್ಲ ಅಕ್ಷರ ಕೂಡಿಸುವುದಕ್ಕೇ ಖರ್ಚಾಗಿರುತ್ತದೆ. ಎರಡನೆಯ ಸಲ ಕಥೆ ಸಿಗುತ್ತದೆ. ಮೂರನೆಯ, ನಾಲ್ಕನೆಯ ಸಲಕ್ಕೆ ಕಣ್ಣು ಎಡವುವುದು ನಿಲ್ಲುತ್ತದೆ, ಆಗ ಮನಸ್ಸಿಗೆ ಅತ್ತಿತ್ತ ನೋಡಲು ಪುರುಸೊತ್ತು ಸಿಗುತ್ತದೆ. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು, ಪುಸ್ತಕದ ಮಾತು ಮೂರನೆಯದು ಆಗಿರುವ ನಮ್ಮ ಕಡೆಯ ಮಕ್ಕಳಿಗಂತೂ ಇದು ಇನ್ನೂ ನಿಜ. ನನ್ನ ಮಗ ಆ ಒಂದು ಪುಸ್ತಕದಲ್ಲಿ ಕನ್ನಡ ಓದುವುದನ್ನು ಕಲಿತು ಮುಗಿಸಿ, ಅದರೊಳಗೆ ಆರಾಮಾಗಿ ತಿರುಗಾಡಲು ಶುರು ಮಾಡಿದ್ದ. ಸರಿಯಾಗಿ ಅದೇ ಹೊತ್ತಿಗೆ ನಾನು ಕೈಹಿಡಿದು ಎಳೆದು, ಎಡವುವುದಕ್ಕೆ 22 ಹೊಸ ಜಾಗ ತೋರಿಸಿದೆ.

ನಿಂತ ಓದು ಮತ್ತೆ ಶುರುವಾದದ್ದು 2018ರ ಆಗಸ್ಟ್‌ನಲ್ಲಿ. ಆ ಮಳೆ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಜಾರಿ ಬಂದವು. ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಕರೆಂಟ್ ಕಂಬ ಬಿದ್ದು 13 ದಿನ ಕತ್ತಲೆ, ಮೊಬೈಲ್‌ಗೆ ಸಿಗ್ನಲ್ ಇಲ್ಲ. ಒಬ್ಬರೇ ಇದ್ದ ನಮ್ಮ ಅತ್ತೆಯನ್ನು ಮನೆಗೆ ಕರೆತಂದೆವು. ಬರುವಾಗ ಅವರು ಬಟ್ಟೆಯ ಗಂಟಿನ ಜೊತೆ ಒಂದು ತಗಡಿನ ಪೆಟ್ಟಿಗೆ ತಂದರು. ಒಡವೆ ಎಂದುಕೊಂಡೆ. ನೋಡಿದರೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಂದಿದ್ದ ಹಳೆಯ ‘ಕಸ್ತೂರಿ’ ಮಾಸಪತ್ರಿಕೆಗಳು. ನೆನಪಿರಲಿ, ನನ್ನ ಗಾಜಿನ ಬೀರುವಿನೊಳಗೆ ಅಷ್ಟರಲ್ಲಿ ಬೂಸ್ಟು ಹಿಡಿದಿತ್ತು. ಅವರ ಪೆಟ್ಟಿಗೆಗೆ ಹಿಡಿದಿರಲಿಲ್ಲ.

‘ಕಸ್ತೂರಿ’ 1956ರಲ್ಲಿ ಶುರುವಾದ ಪತ್ರಿಕೆ. ಅದರ ಕೊನೆಯಲ್ಲಿ ‘ಪುಸ್ತಕ ವಿಭಾಗ’ ಎಂದು ಒಂದಿಡೀ ಪುಸ್ತಕವನ್ನು ಸಂಕ್ಷೇಪಿಸಿ ಕೊಡುತ್ತಾರೆ. ಕೊನೆಯಲ್ಲಿ ಇರುವುದರಿಂದ ಏನಾಗುತ್ತದೆಂದರೆ, ಹಳೆಯ ಸಂಚಿಕೆಯ ರಕ್ಷಾಪುಟ ಕಿತ್ತುಹೋದಾಗ ಮೊದಲು ಕಾಣೆಯಾಗುವುದು ಕಥೆಯ ಮುಕ್ತಾಯ. ಮಗ ಮೇಣದ ಬತ್ತಿಯ ಬೆಳಕಿನಲ್ಲಿ ಅಂಥದ್ದೊಂದನ್ನು ಓದಿ, ಪುಟ ಮುಗಿದಲ್ಲಿ ತಡೆಯಲಾರದೆ ಎದ್ದು ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಕೇಳಿದ. ಅಜ್ಜಿ ಆ ರಾತ್ರಿ ಒಂದು ಮುಕ್ತಾಯ ಹೇಳಿದರು. ಮರುದಿನ ಕೇಳಿದರೆ ಬೇರೆ. ಮೂರನೆಯ ದಿನ ಕಥಾನಾಯಕ ಸತ್ತೇಹೋದ. ‘ಅಜ್ಜಿಗೆ ನೆನಪೇ ಇಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ’ ಎಂದು ಅವನು ರೇಗಿದ. ರೇಗುತ್ತಲೇ ಪೆಟ್ಟಿಗೆಯಲ್ಲಿದ್ದ ಅಷ್ಟೂ ಸಂಚಿಕೆಗಳನ್ನು ಓದಿದ.

ಆ 13 ದಿನ ಅವನು ಏನು ಓದುತ್ತಿದ್ದಾನೆಂದು ನಾನು ನೋಡಲಿಲ್ಲ. ದೊಡ್ಡಮನಸ್ಸಿನಿಂದಲ್ಲ, ಪುರುಸೊತ್ತಿರಲಿಲ್ಲ, ರಸ್ತೆ ಯಾವಾಗ ತೆರೆಯುತ್ತದೆ, ಯಾರ ಮನೆ ಉಳಿದಿದೆ ಎಂಬುದೇ ಚಿಂತೆ. ಯಾರೂ ನೋಡದಿದ್ದುದೇ ಅವನಿಗೆ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. (ಹಾಗೆಂದು ಮನೆಯ ಫ್ಯೂಸ್ ಕಿತ್ತಿಡಬೇಡಿ. ಮರುವರ್ಷದ ಮಳೆಗೂ ನಾಲ್ಕು ದಿನ ಕರೆಂಟ್ ಹೋಗಿತ್ತು, ಆಗ ಅವನು ಇಸ್ಪೀಟು ಆಡಿದ.)

ಅಂಥದ್ದೇ ಒಂದು ರಾತ್ರಿ ಕಾಗದದ ವಿಷಯ ಅವನಾಗಿಯೇ ಹೇಳಿದ. ಅದು ಭೂಪಟ. ಅಲಕನಂದಾ ಇರಬೇಕಾದಲ್ಲಿ ಕಾವೇರಿ, ಮಂದಾಕಿನಿಯ ಜಾಗದಲ್ಲಿ ಕನ್ನಿಕೆ, ರುದ್ರಪ್ರಯಾಗದ ಸಂಗಮವೇ ನಮ್ಮ ಭಾಗಮಂಡಲದ ಸಂಗಮ. ಕಾರ್ಬೆಟ್ ಚಿರತೆಯನ್ನು ಒಂದೇ ದಡದಲ್ಲಿ ಉಳಿಸಲು ರಾತ್ರಿ ಸೇತುವೆಗೆ ಮುಳ್ಳು ಅಡ್ಡ ಹಾಕಿಸುತ್ತಾರಲ್ಲ, ಹಾಗಾದರೆ ಯಾವ ರಾತ್ರಿ ಚಿರತೆ ಯಾವ ದಡದಲ್ಲಿತ್ತು ಎಂದು ಹುಡುಗ ಲೆಕ್ಕ ಹಾಕುತ್ತಿದ್ದ. ಒಂದೊಂದು ಗುರುತಿನ ಪಕ್ಕದಲ್ಲೂ ಪುಸ್ತಕದ ಪುಟ ಸಂಖ್ಯೆ. ‘ಒಂದು ಸಲ ಚಿರತೆಯ ಜೊತೆ ಹೋದೆ, ಒಂದು ಸಲ ಕಾರ್ಬೆಟ್ ಜೊತೆ. ಆ ಗಂಟೆ ಕಟ್ಟಿದ ಆಡಿನ ಜೊತೆ ಹೋಗಬೇಕಿತ್ತು, ಅಷ್ಟರಲ್ಲಿ ನೀನು ಕೊಟ್ಟುಬಿಟ್ಟೆ’ ಎಂದ. ಆಗ ಅವನಿಗೆ 14 ವರ್ಷ, ಸ್ವಲ್ಪ ನಗುತ್ತಲೇ ಹೇಳಿದ.

ಇಷ್ಟೆಲ್ಲ ಆದ ಮೇಲೆ ನಿಮಗೆ ಹತ್ತು ಪುಸ್ತಕಗಳ ಪಟ್ಟಿ ಹೇಗೆ ಕೊಡಲಿ? ‘ಒಳ್ಳೆಯ ಓದಿಗೆ ಹಚ್ಚುವುದು’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಇಬ್ಬರು ಮಕ್ಕಳೂ ಓದುತ್ತಿದ್ದಾರೆ. ನಿಮಗೆ ಬೇಕಾದದ್ದನ್ನು ಓದುತ್ತಿಲ್ಲ, ಅಷ್ಟೇ. ಮಗನ ಕಾಮಿಕ್ಸ್ ಮುಟ್ಟಬೇಡಿ. ಅದರ ಪಕ್ಕದಲ್ಲಿ ಬೇಕಾದರೆ ಇನ್ನೊಂದು ಇಡಿ, ಅದೂ ಅವನೇ ಆರಿಸಿದ್ದು. ಅಂಗಡಿಗೆ ಕರೆದುಕೊಂಡು ಹೋಗಿ 200 ರೂಪಾಯಿ ಕೈಗೆ ಕೊಟ್ಟು, ನೀವು ಹೊರಗೆ ನಿಂತು ಚಹಾ ಕುಡಿಯಿರಿ. ಪುಸ್ತಕ ಅವನಿಗೆ ಕಷ್ಟವಾಗುತ್ತದೆಯೇ ಎಂಬ ಹೆದರಿಕೆಯಿದ್ದರೆ ಒಂದು ಹಳೆಯ ಉಪಾಯವಿದೆ: ಯಾವುದಾದರೂ ಪುಟ ತೆರೆದು ಓದುತ್ತಾ, ಗೊತ್ತಿಲ್ಲದ ಪದಕ್ಕೆ ಒಂದು ಬೆರಳು ಮಡಿಸಬೇಕು. ಒಂದೇ ಪುಟದಲ್ಲಿ ಐದೂ ಬೆರಳು ಮಡಿಸಿದರೆ ಆ ಪುಸ್ತಕ ಸದ್ಯಕ್ಕೆ ಭಾರ. ಹಾಗಿದ್ದೂ ಅದೇ ಬೇಕೆಂದು ಹಟ ಮಾಡಿದರೆ ನೀವು ಗಟ್ಟಿಯಾಗಿ ಓದಿ ಹೇಳಿ. ಮಕ್ಕಳು ತಾವೇ ಓದಬಲ್ಲದ್ದಕ್ಕಿಂತ ಎಷ್ಟೋ ಕಷ್ಟದ್ದನ್ನು ಕಿವಿಯಿಂದ ಅರ್ಥ ಮಾಡಿಕೊಳ್ಳುತ್ತಾರೆ. 12 ವರ್ಷದವನಿಗೆ ಓದಿ ಹೇಳುವುದೇ ಎಂದು ನಾಚಬೇಡಿ. ನಮ್ಮ ಅತ್ತೆ ಮುದುಕರಿಗೂ ಓದಿ ಹೇಳುತ್ತಿದ್ದರು.

ಪುಸ್ತಕಕ್ಕೆ ಆಗುವ ಖರ್ಚಿನ ಮಾತೂ ಬರೆದಿದ್ದೀರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಬಿಟ್ಟಿ ಸಿಗುತ್ತವೆ. ಆದರೆ ಮೊದಲ ಹಂತದವನ್ನು ನಿಮ್ಮ ಮಗನಿಗೆ ತೋರಿಸಿದರೆ ಅವಮಾನವೆಂದು ಮುಖ ತಿರುಗಿಸುತ್ತಾನೆ, ಎಚ್ಚರ.

ಮಗಳ ವಿಷಯದಲ್ಲಿ ನನಗೆ ಅನುಭವ ಕಡಿಮೆ. ನನ್ನ ತಮ್ಮನ ಮಗಳೂ ಆ ವಯಸ್ಸಿನಲ್ಲಿ ಮೊಬೈಲಿನಲ್ಲಿ ಪ್ರೇಮಕಥೆಗಳನ್ನೇ ಓದುತ್ತಿದ್ದಳು. ಅವಳಿಗೆ ನಾನು ಪುಸ್ತಕ ಕೊಡಲಿಲ್ಲ, ಒಂದು ಸುದ್ದಿ ಹೇಳಿದೆ: 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಹೆಂಗಸೊಬ್ಬಳು ಇಲ್ಲಿದ್ದಳು, ಕಥೆ ಬರೆಯುತ್ತಿದ್ದಳು, 1939ರಲ್ಲಿ 27ನೇ ವಯಸ್ಸಿಗೆ ನೀರಿನಲ್ಲಿ ಮುಳುಗಿ ತೀರಿಕೊಂಡಳು. ‘27 ಅಂದರೆ ನಮ್ಮ ಟೀಚರ್‌ಗಿಂತ ಚಿಕ್ಕವಳು’ ಎಂದಳು. ವಾರದೊಳಗೆ ಕೊಡಗಿನ ಗೌರಮ್ಮನವರ ಕಥೆಗಳನ್ನು ಅವಳೇ ಹುಡುಕಿ ತಂದಳು. ಪ್ರೇಮ, ಮದುವೆ, ವಿಧವೆಯರ ಪಾಡು, ಎಲ್ಲ ಚಿಕ್ಕ ಚಿಕ್ಕ ಕಥೆಗಳು. ಎರಡು ಬೋರಾದವು ಎಂದಳು, ಬಿಟ್ಟಳು. ಬಿಡಲಿ. ನನಗೆ ಪ್ರಾಣವಾದ ‘ಕರ್ವಾಲೊ’ವನ್ನು ನನ್ನ ಮಗ ಅರ್ಧಕ್ಕೆ ಬಿಟ್ಟು ಆರು ವರ್ಷವಾಯಿತು. ಅದನ್ನೂ ನುಂಗಿಕೊಂಡಿದ್ದೇನೆ.

ಬೀರುವಿನ ಬಾಗಿಲು ಈಗ ತೆಗೆದೇ ಹಾಕಿದ್ದೇವೆ. ಪುಸ್ತಕಗಳು ಜಗಲಿಯ ಬೆಂಚಿನ ಮೇಲೆ, ಕೊಡೆಗಳ ಪಕ್ಕದಲ್ಲಿ ಬಿದ್ದಿರುತ್ತವೆ. ಬೂಸ್ಟು ಹಿಡಿಯುತ್ತದೆ, ಬಿಸಿಲು ಬಂದಾಗ ಕಾಫಿಯ ಜೊತೆ ಕಣದಲ್ಲಿ ಒಣಗಿಸುತ್ತೇವೆ.

ದಾನ ಕೊಟ್ಟ ಪ್ರತಿಯನ್ನು ಕೇಳಿಕೊಂಡು ಶಾಲೆಗೆ ಹೋಗಿದ್ದೆ. ದಾಖಲೆ ಪುಸ್ತಕದಲ್ಲಿ ಅದರ ಹೆಸರೇ ಇರಲಿಲ್ಲ. ಕಳೆದ ಹುತ್ತರಿ ಹಬ್ಬಕ್ಕೆ ಮಗ ಮೈಸೂರಿನಿಂದ ಬಂದಾಗ ಹೊಸ ಪ್ರತಿಯೊಂದನ್ನು ತಂದು ಅವನ ಮುಂದಿಟ್ಟೆ. ಕೈಗೆತ್ತಿಕೊಂಡು ನಡುವೆ ಎಲ್ಲೋ ತೆರೆದ. ಹಿಂದಕ್ಕೆ ಎರಡು ಹಾಳೆ ತಿರುಗಿಸಿದ, ಮುಂದಕ್ಕೆ ನಾಲ್ಕು.

‘ಇದರಲ್ಲಿ ಪುಟದ ಸಂಖ್ಯೆಗಳು ಬೇರೆ, ಅಪ್ಪ’ ಎಂದ.